ಮಹಾಗಾಂವ ಬಂದರಿನ ಲಂಡನ್ ಉಪಕರಣಗಳು: ತಜ್ಞರ ವರದಿ

ನೆಟ್ಟಗೆ ಗೆರೆ ಎಳೆದರೆ ಕಲಬುರಗಿ ಜಿಲ್ಲೆ ಕಮಲಾಪುರ ತಾಲೂಕಿನ ಮಹಾಗಾಂವದಿಂದ ಪಶ್ಚಿಮದ ಅರಬ್ಬಿ ಸಮುದ್ರಕ್ಕೆ ಸುಮಾರು 400 ಕಿಲೋಮೀಟರ್. ಪೂರ್ವದ ಬಂಗಾಳ ಕೊಲ್ಲಿಗೆ ಅದಕ್ಕಿಂತ ತುಸು ಜಾಸ್ತಿ. ಎರಡೂ ಕಡಲುಗಳೊಡನೆ ಇಷ್ಟು ಎಚ್ಚರಿಕೆಯ ಅಂತರ ಕಾಯ್ದುಕೊಂಡಿರುವುದರಿಂದ ನೌಕಾಯಾನದ ದೃಷ್ಟಿಯಲ್ಲಿ ಇದು ಅತಿ ಸುರಕ್ಷಿತವಾದ ಊರು. ಇಲ್ಲಿಂದ ಹೊರಟ ಹಡಗು ಮುಳುಗಿದ ಒಂದು ನಿದರ್ಶನವೂ ಇಲ್ಲ. ಹತ್ತಿರದ ಗಂಡೋರಿ ನಾಲಾ ಜಲಾಶಯದಲ್ಲಿ ಮೀನು ಹಿಡಿಯುವವರಿಗೆ ದಿಕ್ಸೂಚಿ ಇಟ್ಟುಕೊಳ್ಳಿರೆಂದು ಸಲಹೆ ಕೊಟ್ಟು ನೋಡಿದೆ. ಆಚೆ ದಂಡೆ ಕಣ್ಣಿಗೆ ಕಾಣುತ್ತದೆ ಎಂದರು. ತಾಂತ್ರಿಕ ಶಿಕ್ಷಣದ ಕೊರತೆ ಹೀಗೆಯೇ ಗೊತ್ತಾಗುವುದು.

ಇಷ್ಟಾದರೂ ಕಮಲಾಪುರ ತಾಲೂಕಿನ ಷೋಕೇಸುಗಳು ನೌಕಾಪಡೆಯ ಉಗ್ರಾಣಗಳಾಗಿವೆ. ಮಗ ಬೆಂಗಳೂರಿನಿಂದ ತಂದ ದಿಕ್ಸೂಚಿ, ಅಳಿಯ ಹೈದರಾಬಾದಿನಿಂದ ತಂದ ದುರ್ಬೀನು, ಹಂಪಿಗೆ ಹೋದ ಶಾಲಾ ಪ್ರವಾಸದಲ್ಲಿ ಕೊಂಡ ಮರಳು ಗಡಿಯಾರ. ಎಲ್ಲವೂ ಹಿತ್ತಾಳೆಯವು, ಎಲ್ಲದರ ಮೇಲೂ ‘ಲಂಡನ್’ ಎಂದಿರುತ್ತದೆ. ಈಚೆಗಂತೂ ನಿವೃತ್ತಿಯ ಸನ್ಮಾನದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ದಿಕ್ಸೂಚಿಯನ್ನೂ ಕೊಡುವ ಪದ್ಧತಿ ಬಂದಿದೆ. ಇಡೀ ನೌಕರಿಯನ್ನು ಒಂದೇ ಕಚೇರಿಯ ಒಂದೇ ಕುರ್ಚಿಯಲ್ಲಿ ಮುಗಿಸಿದವರು ಇನ್ನು ಮುಂದಾದರೂ ದಾರಿ ತಪ್ಪದಿರಲಿ ಎಂಬ ಕಾಳಜಿ ಅದು.

ಈ ವಸ್ತುಗಳ ಅಸಲಿತನ ಪರೀಕ್ಷಿಸುವ ಹೊಣೆ ನನ್ನ ಮೇಲಿದೆ. ಯಾರೂ ಹೊರಿಸಿದ್ದಲ್ಲ, ನಾನೇ ಹೊತ್ತುಕೊಂಡದ್ದು. ನನ್ನ ಬಳಿ ಭೂತಗನ್ನಡಿ ಇದೆ, ಕೆಮ್ಮುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿರುವ ಅಭ್ಯಾಸವೂ ಇದೆ. ತಜ್ಞತೆಗೆ ಇದಕ್ಕಿಂತ ಹೆಚ್ಚು ಏನು ಬೇಕೆಂದು ಈವರೆಗೆ ಯಾರೂ ಕೇಳಿಲ್ಲ.

ನನ್ನೆದುರಿಗೆ ಹೆಚ್ಚಾಗಿ ಬರುವುದು ‘ಸ್ಟ್ಯಾನ್ಲಿ, ಲಂಡನ್, 1885’ ಎಂದು ಕೆತ್ತಿದ ಜೇಬು ದಿಕ್ಸೂಚಿ. ವಿಲಿಯಂ ಫೋರ್ಡ್ ಸ್ಟ್ಯಾನ್ಲಿ ಎಂಬ ಮನುಷ್ಯ ಇದ್ದದ್ದು ಖರೆ. 1829ರಲ್ಲಿ ಹುಟ್ಟಿ 1909ರಲ್ಲಿ ತೀರಿಕೊಂಡ ಈತ 1850ರ ದಶಕದಲ್ಲಿ ಲಂಡನ್‌ನಲ್ಲಿ ಕಾರ್ಖಾನೆ ತೆರೆದು ನಕ್ಷೆ ಬರೆಯುವ ಸಲಕರಣೆ, ಥಿಯೋಡೊಲೈಟು, ಮೋಜಣಿಯ ಸಾಮಾನುಗಳನ್ನು ಮಾಡಿ ಹೆಸರಾದ. ಆ ಸಂಸ್ಥೆ 1999ರಲ್ಲಿ ಬಾಗಿಲು ಹಾಕಿತು. ಇಲ್ಲಿ ಒಂದು ಸ್ವಾರಸ್ಯವಿದೆ. ಕಾರ್ಖಾನೆ ಮುಚ್ಚಿದ ಮೇಲೆ 1885ರ ಮಾದರಿಯ ಉತ್ಪಾದನೆ ಏರುತ್ತಲೇ ಹೋಗಿದೆ. ಸಂಸ್ಥೆಯು ಬದುಕಿದ್ದಾಗ ಇದ್ದ ಕೂಲಿ, ಬಾಡಿಗೆ, ಕರೆಂಟಿನ ಬಿಲ್ಲು ಯಾವುದೂ ಇಲ್ಲದ ಸ್ಥಿತಿ ತಲುಪಿದ ಮೇಲೆ ಈಗ ನಿಶ್ಚಿಂತೆಯಿಂದ ದುಡಿಯುತ್ತಿದೆ. ನಮ್ಮ ರಾಜ್ಯದ ಬಾಗಿಲು ಹಾಕಿದ ಕಾರ್ಖಾನೆಗಳು ಇದನ್ನು ಅಧ್ಯಯನ ಮಾಡಬೇಕು.

ಈ ದಿಕ್ಸೂಚಿಯ ಮುಚ್ಚಳದ ಒಳಗೆ ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟನ ಕವಿತೆಯೊಂದನ್ನು ಪೂರ್ತಿಯಾಗಿ ಕೆತ್ತಿರುತ್ತಾರೆ. ಕಾಡಿನಲ್ಲಿ ಎರಡಾಗಿ ಕವಲೊಡೆದ ದಾರಿಯ ಕವಿತೆ. ಫ್ರಾಸ್ಟ್ ಹುಟ್ಟಿದ್ದು 1874ರಲ್ಲಿ, ಕವಿತೆ ಅಚ್ಚಾದದ್ದು 1915ರಲ್ಲಿ. ಹಾಗಾದರೆ 1885ರ ಮುಚ್ಚಳದೊಳಗೆ ಅದು ಹೇಗೆ ಬಂತು ಎಂದು ಕಲಬುರಗಿಯ ಕಾಲೇಜು ಹುಡುಗನೊಬ್ಬ ನನ್ನನ್ನು ಕೇಳಿದ. ಉತ್ತರ ಸರಳ. ಫ್ರಾಸ್ಟ್ ಅದನ್ನು ಹನ್ನೊಂದನೆಯ ವಯಸ್ಸಿನಲ್ಲೇ ಬರೆದು, ಲಂಡನ್‌ನ ಹಿತ್ತಾಳೆ ಕೆಲಸಗಾರನೊಬ್ಬನಿಗೆ ಓದಲು ಕೊಟ್ಟು, ಅಭಿಪ್ರಾಯಕ್ಕಾಗಿ ಮೂವತ್ತು ವರ್ಷ ಕಾದಿದ್ದಾನೆ. ನಮ್ಮಲ್ಲೂ ಹಿರಿಯ ಸಾಹಿತಿಗಳಿಗೆ ಹಸ್ತಪ್ರತಿ ಕೊಟ್ಟವರಿಗೆ ಈ ಕಾಲಾವಧಿ ಅಸಹಜವೆನಿಸದು. ಅಂದಹಾಗೆ ಮಹಾಗಾಂವ ಕ್ರಾಸಿನಲ್ಲೂ ದಾರಿ ಕವಲೊಡೆಯುತ್ತದೆ. ಅಲ್ಲಿ ಯಾರೂ ಕವಿತೆ ಬರೆದದ್ದು ಕಾಣೆ, ಬಸ್ಸಿನ ಬೋರ್ಡು ಓದಿ ಹತ್ತುತ್ತಾರೆ.

ಕಾಲಗಣನೆಯ ಇಂಥ ಪ್ರಶ್ನೆಗಳಿಗೆ ತಜ್ಞ ಎದೆಗುಂದಬಾರದು. ‘ವಿಕ್ಟೋರಿಯನ್ ಮರೀನ್ ಟೆಲಿಸ್ಕೋಪ್, ಲಂಡನ್, 1915’ ಎಂಬ ದುರ್ಬೀನನ್ನು ತೆಗೆದುಕೊಳ್ಳಿ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ಕಡಲಿನಲ್ಲಿದ್ದ ಹಡಗುಗಳಿಗೆ ಸುದ್ದಿ ತಲುಪಲು ಹದಿನಾಲ್ಕು ವರ್ಷ ಹಿಡಿಯಿತು ಎಂದಷ್ಟೇ ಇದರಿಂದ ತಿಳಿಯುತ್ತದೆ. ಇನ್ನು ‘ಕೆಲ್ವಿನ್ ಅಂಡ್ ಹ್ಯೂಸ್, ಲಂಡನ್, 1917’ ಎಂದಿರುವ ಸೆಕ್ಸ್‌ಟಂಟ್. ಕೆಲ್ವಿನ್ ಕಡೆಯ ಕಂಪನಿಯೂ ಹ್ಯೂಸ್ ಕಡೆಯ ಕಂಪನಿಯೂ ಒಂದಾದದ್ದು 1947ರಲ್ಲಿ. ಲಗ್ನಕ್ಕೆ ಮೂವತ್ತು ವರ್ಷ ಮೊದಲೇ ಲಗ್ನಪತ್ರಿಕೆ ಅಚ್ಚು ಹಾಕಿಸಿದ ಈ ಮುಂದಾಲೋಚನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಟೈಟಾನಿಕ್ ಹಡಗಿನ ದಿಕ್ಸೂಚಿಗಳದ್ದು ಬೇರೆಯೇ ಅಧ್ಯಾಯ. ‘ವೈಟ್ ಸ್ಟಾರ್ ಲೈನ್, 1912’ ಎಂದು ಕೆತ್ತಿದವು ಇಲ್ಲಿಗೂ ಬಂದಿವೆ. ಜಗತ್ತಿನಾದ್ಯಂತ ಮಾರಾಟವಾಗಿರುವ ಇಂಥವನ್ನೆಲ್ಲ ಒಟ್ಟಿಗೆ ತೂಗಿದರೆ, ಆ ಹಡಗು ಮುಳುಗಿದ್ದಕ್ಕೆ ಪಾಪ ಹಿಮಬಂಡೆಯನ್ನು ಇಷ್ಟು ವರ್ಷ ಸುಮ್ಮನೆ ಬೈದೆವು ಅನಿಸುತ್ತದೆ.

ಕಿಡಿಗೇಡಿಗಳು ಇವೆಲ್ಲ ಉತ್ತರಾಖಂಡದ ರೂರ್ಕಿಯಲ್ಲಿ ತಯಾರಾಗುತ್ತವೆ ಎಂದು ಹಬ್ಬಿಸಿದ್ದಾರೆ. ರೂರ್ಕಿಯ ಬಗ್ಗೆ ನನಗೂ ತಿಳಿದಿದೆ. ಗಂಗಾ ಕಾಲುವೆ ತೋಡುವ ಕಾಲದಲ್ಲಿ ಅಲ್ಲೊಂದು ಸರ್ಕಾರಿ ಕಾರ್ಖಾನೆ ಎದ್ದಿತು, 1847ರಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಅಂದಿನಿಂದ ಮೋಜಣಿ ಉಪಕರಣ, ನಕ್ಷೆಯ ಸಾಮಾನು ಮಾಡುವ ಕೈಗಳು ಆ ಊರಿನಲ್ಲಿ ನೆಲೆಗೊಂಡವು, ಇಂದಿಗೂ ಓಣಿ ಓಣಿಯಲ್ಲಿ ಹಿತ್ತಾಳೆ ಕಡೆಯುತ್ತಾರೆ. ಹೊಸ ಹಿತ್ತಾಳೆಯನ್ನು ರಾಸಾಯನಿಕದಲ್ಲಿ ಅದ್ದಿ ತೆಗೆದರೆ ಸಂಜೆಯೊಳಗೆ ನೂರು ವರ್ಷ ಹಳೆಯದಾಗುತ್ತದೆ. ಇದರಲ್ಲಿ ಮೋಸವೆಲ್ಲಿದೆ? ನೂರು ವರ್ಷ ಕಾಯುವುದು ಸೋಮಾರಿಗಳ ಕೆಲಸ. ಒಳ್ಳೆಯ ಕೈಕಸುಬುದಾರ ತನ್ನ ಸ್ವಂತ ಹೆಸರನ್ನು ಕೆತ್ತಿ ಮಾರಿದರೆ ಯಾರೂ ಕೊಳ್ಳುವುದಿಲ್ಲ, ಲಂಡನ್‌ನಲ್ಲಿ ಸತ್ತವನ ಹೆಸರು ಕೆತ್ತಿದರೆ ನಿವೃತ್ತಿ ಸಮಾರಂಭಕ್ಕೆ ಬರುತ್ತದೆ ಎನ್ನುವುದು ಅವನ ತಪ್ಪಲ್ಲ. ನಮ್ಮ ತಪ್ಪು ಅಂತೂ ಖಂಡಿತ ಅಲ್ಲ.

ಕಾನೂನಿನ ವಿಚಾರವನ್ನೂ ಹೇಳಿಬಿಡಬೇಕು. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪುರಾವಸ್ತು, ಮಾರಾಟಕ್ಕೆ ಪರವಾನಗಿ ಬೇಕು, ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಆದರೆ ನನ್ನ ಮುಂದೆ ಬಂದ ಪ್ರತಿಯೊಂದು 1885ರ ದಿಕ್ಸೂಚಿಯ ಬಿಲ್ಲಿನಲ್ಲೂ ‘ಹಿತ್ತಾಳೆ ಕರಕುಶಲ ವಸ್ತು’ ಎಂದೇ ಬರೆದಿದೆ. ಇದು ವ್ಯಾಪಾರಿಯ ವಿನಯ. ಎರಡು ತಲೆ ಹಾವು, ಅಕ್ಕಿ ಎಳೆಯುವ ಕಂಪನಿ ಕಾಲದ ತಾಮ್ರದ ಚೊಂಬು ಮಾರುವವರಲ್ಲಿ ಇಂಥ ವಿನಯವಿಲ್ಲ. ದಯವಿಟ್ಟು ನಮ್ಮ ಕ್ಷೇತ್ರವನ್ನು ಅವರದರ ಜೊತೆ ಸೇರಿಸಬೇಡಿ.

ಅಪಾಯ ಬರುವುದು ಹೊರಗಿನಿಂದಲ್ಲ, ಅಡುಗೆಮನೆಯಿಂದ. ಊರಿನ ಒಂದು ಮನೆಯಲ್ಲಿ ಮೊಮ್ಮಗ ತಂದಿಟ್ಟ ದುರ್ಬೀನನ್ನು ಆಯಿ ಹುಣಸಿಹಣ್ಣು ಹಚ್ಚಿ ತಿಕ್ಕಿದಳು. ಒಂದು ಶತಮಾನ ಬಚ್ಚಲಿನಲ್ಲಿ ಹರಿದುಹೋಯಿತು.

“ಎಟ್ಟು ಕರ್ರಗ ಆಗಿತ್ತಪ್ಪಾ, ನೋಡಲಾಕ ಆಗ್ತಿರಲಿಲ್ಲ. ಈಗ ನೋಡು, ಹೊಸ ಕೊಡದಂಗ ಹೊಳಿತದ” ಎಂದಳು ನನ್ನ ಮುಂದೆ ಹಿಡಿದು.

“ಆಯಿ, ಅದು ನೂರು ವರ್ಷದ ಕಿಲುಬು ಇತ್ತಬೇ” ಎಂದೆ.

“ಒಂದೇ ಸಲ ತಿಕ್ಕಿದ್ರ ಹೋಯ್ತಲ್ಲಪ್ಪಾ. ನಮ್ಮ ಹಂಡೇದ್ದು ಇಟ್ಟು ಸಲೀಸ ಹೋಗಂಗಿಲ್ಲ.”

ಹುಣಸೆಯನ್ನು ಪರೀಕ್ಷಾ ವಿಧಾನವಾಗಿ ಬಳಸುವುದನ್ನು ನಾನು ಅಂದೇ ನಿಷೇಧಿಸಿದೆ.

ಟೀಕಾಕಾರರ ಬಾಯಿ ಮುಚ್ಚಿಸಲು ಉಪಕರಣಗಳನ್ನು ಬಳಸಿಯೇ ತೋರಿಸಬೇಕಾಯಿತು. ಸೆಕ್ಸ್‌ಟಂಟ್ ಮಾಡುವ ಕೆಲಸ ಇಷ್ಟೇ: ನಡುಹಗಲಿನಲ್ಲಿ ಸೂರ್ಯ ದಿಗಂತದಿಂದ ಎಷ್ಟು ಎತ್ತರದಲ್ಲಿದ್ದಾನೆ ಎಂದು ಅಳೆದು, ಅಂದಿನ ಪಂಚಾಂಗದ ಲೆಕ್ಕ ಸೇರಿಸಿದರೆ ನೀವಿರುವ ಅಕ್ಷಾಂಶ ಸಿಗುತ್ತದೆ. ದಿಗಂತಕ್ಕೆ ಕಡಲಿನ ನೇರ ಗೆರೆ ಬೇಕು. ಮಹಾಗಾಂವದ ಸುತ್ತ ಇರುವುದು ತೊಗರಿ. ನೆಲದ ಮೇಲೆ ಕೆಲಸ ಮಾಡುವವರು ಹಿಂದೆ ತಟ್ಟೆಯಲ್ಲಿ ಪಾದರಸ ಸುರಿದು, ಅದರೊಳಗಿನ ಸೂರ್ಯನಿಗೂ ಮೇಲಿನ ಸೂರ್ಯನಿಗೂ ನಡುವಿನ ಕೋನ ಅಳೆದು ಅರ್ಧ ಮಾಡುತ್ತಿದ್ದರು. ಪಾದರಸ ಸಿಗದಾಗ ಎಣ್ಣೆಯೋ ಕಾಕಂಬಿಯೋ ನಡೆಯುತ್ತಿತ್ತು. ಬೇಸಿಗೆಯಲ್ಲಿ ಈ ಪ್ರಯೋಗ ನಮ್ಮಲ್ಲಿ ಆಗದು. ಮೇ ಎರಡನೆಯ ವಾರಕ್ಕೆ ಸೂರ್ಯ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತಾನೆ, ದುಪ್ಪಟ್ಟು ಕೋನ ಸೆಕ್ಸ್‌ಟಂಟಿನ ಅಳತೆಪಟ್ಟಿ ದಾಟಿ ಹೋಗುತ್ತದೆ. ಅಳೆಯುವವನೂ ಎಚ್ಚರ ತಪ್ಪಿ ಬೀಳುತ್ತಾನೆ.

ಆದ್ದರಿಂದ ಎಳ್ಳಮಾವಾಸ್ಯೆ ಆಯ್ದುಕೊಂಡೆ. ಅಂದು ಇಡೀ ಊರು ಹೊಲದಲ್ಲಿರುತ್ತದೆ, ಸಾಕ್ಷಿಗಳಿಗೆ ಬರವಿಲ್ಲ. ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಮುಗಿಸಿದ ಮೇಲೆ ಹೋಳಿಗೆಗೆ ತಂದ ಬೆಲ್ಲವನ್ನು ಕರಗಿಸಿ ಅಗಲವಾದ ಪರಾತದಲ್ಲಿ ಸುರಿದು ದಿಗಂತ ಸ್ಥಾಪಿಸಿದೆ. ಗಡಿಯಾರದ ಹನ್ನೆರಡಕ್ಕೆ ನಡುಹಗಲಾಗುವುದಿಲ್ಲ ಎಂಬುದು ಪಾಮರರಿಗೆ ತಿಳಿಯದು. ದೇಶದ ಗಡಿಯಾರ ನಡೆಯುವುದು 82½ ಡಿಗ್ರಿ ರೇಖಾಂಶಕ್ಕೆ, ನಾವಿರುವುದು 77ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮ ಹೊಲಕ್ಕೆ ಇಪ್ಪತ್ತೆರಡು ನಿಮಿಷ ತಡವಾಗಿ ಬರುತ್ತಾನೆ, ಬೇರೆಲ್ಲದರಂತೆ. ಕಾಯುತ್ತ ಕೂತೆ. ದಿಗಂತಕ್ಕೆ ಇರುವೆ ಹತ್ತಿದವು.

ಮಹಾಗಾಂವದ ಅಕ್ಷಾಂಶ ಸುಮಾರು ಹದಿನೇಳೂವರೆ ಡಿಗ್ರಿ. ನನ್ನ ಸೆಕ್ಸ್‌ಟಂಟ್ ಕೊಟ್ಟದ್ದು 12 ಡಿಗ್ರಿ 58 ನಿಮಿಷ. ಇದು ಬೆಂಗಳೂರಿನ ಅಕ್ಷಾಂಶ. ಡಿಗ್ರಿಯ ಅರವತ್ತನೇ ಒಂದು ಭಾಗ ತಪ್ಪಿದರೆ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್. ಆ ಲೆಕ್ಕಕ್ಕೆ ಇದು 272 ನಾಟಿಕಲ್ ಮೈಲಿ, ಸುಮಾರು 504 ಕಿಲೋಮೀಟರ್. ಕನ್ನಡಿಗಳನ್ನು ಅಂಟು ಹಚ್ಚಿ ಕೂರಿಸಿದ್ದಾರೆ, ತಿದ್ದಿಕೊಳ್ಳುವ ತಿರುಪೇ ಇಲ್ಲ ಎಂದು ಆ ಕಾಲೇಜು ಹುಡುಗ ಗೊಣಗಿದ. ತಪ್ಪೇ ಮಾಡದ ಉಪಕರಣಕ್ಕೆ ತಿದ್ದುವ ತಿರುಪೇಕೆ? ಹೈದರಾಬಾದ್ ಕರ್ನಾಟಕ ಎಂದಿದ್ದ ಹೆಸರನ್ನು 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಬದಲಿಸಿದರು, ಅದಕ್ಕೂ ಮೊದಲು ಸಂವಿಧಾನಕ್ಕೆ 371(ಜೆ) ಸೇರಿಸಿದರು. ಇಷ್ಟೆಲ್ಲ ಮಾಡಿಯೂ ನಮ್ಮನ್ನು ಬೆಂಗಳೂರಿಗೆ ಒಂದು ಅಂಗುಲ ಹತ್ತಿರ ತರಲು ಆಗಿರಲಿಲ್ಲ. ಹಿತ್ತಾಳೆಯ ಉಪಕರಣವೊಂದು ಒಂದು ಮಧ್ಯಾಹ್ನದಲ್ಲಿ ಐನೂರು ಕಿಲೋಮೀಟರು ಸರಿಸಿತು. ನಮ್ಮ ಭಾಗದ ಅಭಿವೃದ್ಧಿ ಮಂಡಳಿಯ ಅನುದಾನ ಕೋರಿ ಅರ್ಜಿ ಹಾಕಿದ್ದೇನೆ.

ದಿಕ್ಸೂಚಿಗಂತೂ ನಮ್ಮಲ್ಲಿ ನಿತ್ಯದ ಬಳಕೆ ಇದೆ. ಕಡಲಿಲ್ಲದ ನಾಡಿನಲ್ಲಿ ಅದನ್ನು ಜೀವಂತ ಇಟ್ಟವರು ವಾಸ್ತು ಹೇಳುವವರು. ಕಲಬುರಗಿಯ ಹೊಸ ಬಡಾವಣೆಗಳಲ್ಲಿ ಅಡುಗೆಮನೆ ಆಗ್ನೇಯಕ್ಕಿದೆಯೋ ಇಲ್ಲವೋ ಎಂದು ನೋಡುವಾಗ ಅವರ ಮುಖದಲ್ಲಿ ಬಿರುಗಾಳಿಗೆ ಸಿಕ್ಕ ಕಪ್ತಾನನ ಗಾಂಭೀರ್ಯ ಇರುತ್ತದೆ. ದಿಕ್ಸೂಚಿಯನ್ನು ಇಡುವುದು ಮಾತ್ರ ಮನೆಯಲ್ಲಿ ಸಪಾಟಾಗಿ ಸಿಗುವ ಒಂದೇ ಜಾಗದಲ್ಲಿ, ಕಬ್ಬಿಣದ ಅಲ್ಮಾರಿಯ ಪಕ್ಕದ ಕಬ್ಬಿಣದ ಮೇಜಿನ ಮೇಲೆ. ಮುಳ್ಳು ಅಲ್ಮಾರಿಯತ್ತ ತಿರುಗಿ ಅದೇ ಉತ್ತರವೆಂದು ಪ್ರಮಾಣ ಮಾಡುತ್ತದೆ. ಇದೇ ತೊಂದರೆ ಕಬ್ಬಿಣದ ಹಡಗುಗಳಲ್ಲೂ ಬಂದಿತ್ತು. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ 1870ರ ದಶಕದಲ್ಲಿ ದಿಕ್ಸೂಚಿಯ ಎರಡೂ ಬದಿಗೆ ಕಬ್ಬಿಣದ ಗುಂಡು, ಕೆಳಗೆ ಅಯಸ್ಕಾಂತದ ತುಂಡುಗಳನ್ನಿಟ್ಟು ಹಡಗಿನ ಸೆಳೆತವನ್ನು ಸರಿದೂಗಿಸಿದ. ಅಲ್ಮಾರಿಗೆ ಅಂಥ ಕೆಲ್ವಿನ್ ಇನ್ನೂ ಹುಟ್ಟಿಲ್ಲವಾದ್ದರಿಂದ ಎಷ್ಟೋ ಅಡುಗೆಮನೆಗಳು ಲಾಕರಿನ ಆಗ್ನೇಯಕ್ಕಿವೆ. ಅದೂ ಒಂದು ದಿಕ್ಕೇ.

ಇಷ್ಟು ಹೇಳಿದ ಮೇಲೆ, ಇತಿಹಾಸ ಓದಿದವರು ಯಾವಾಗಲೂ ಎತ್ತುವ ಒಂದು ತಕರಾರಿಗೆ ಉತ್ತರಿಸಬೇಕು. ಲಂಡನ್‌ನ ನಿಜವಾದ ಉಪಕರಣಗಳು ನಮ್ಮ ಸೀಮೆಗೆ ಬಂದಿದ್ದವಲ್ಲ, ಅವುಗಳ ಬಗ್ಗೆ ಏಕೆ ಬರೆಯುವುದಿಲ್ಲ ಎನ್ನುತ್ತಾರೆ. ಬಂದಿದ್ದವು. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1802ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ಮಹಾ ತ್ರಿಕೋನಮಿತಿ ಮೋಜಣಿ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹೆಣೆಯುತ್ತ 1815ರಲ್ಲಿ ನಿಜಾಮರ ಸೀಮೆಯ ಬೀದರ್ ಬಳಿಗೆ ಬಂದು, ದಾಮರಗಿದ್ದ ಎಂಬಲ್ಲಿ ನೆಲದ ಮೇಲೆ ಆಧಾರರೇಖೆ ಅಳೆಯಿತು. ಈ ಎಲ್ಲ ದಾಖಲೆಗಳನ್ನು ನಾನು ತಜ್ಞನ ಕಣ್ಣಿನಿಂದ ಪರಿಶೀಲಿಸಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಒಂದೂ ಅಸಲಿ ಅಲ್ಲ.

ಮೊದಲು ಸರಪಳಿ. ಲಂಡನ್‌ನ ಜೆಸ್ಸಿ ರಾಮ್ಸ್‌ಡನ್ ಮಾಡಿದ ಉಕ್ಕಿನ ಸರಪಳಿ, 100 ಅಡಿ ಉದ್ದ, ಎರಡೂವರೆ ಅಡಿಯ 40 ಕೊಂಡಿಗಳು. ಇದನ್ನು 1793ರಲ್ಲಿ ಮೆಕಾರ್ಟ್ನಿಯ ರಾಯಭಾರ ತಂಡ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದಿತ್ತು, ಅವರು ಬೇಡವೆಂದರು. ತಂಡದ ಡಿನ್‌ವಿಡ್ಡಿ ಎಂಬ ವಿಜ್ಞಾನಿಯ ಕೈಸೇರಿ ಕಲ್ಕತ್ತೆಗೆ ಬಂದು, ಅಲ್ಲಿಂದ ಲ್ಯಾಂಬ್ಟನ್‌ಗೆ ದಕ್ಕಿತು. ಅಂದರೆ ಒಬ್ಬರಿಗೆ ಕೊಟ್ಟು, ಅವರು ವಾಪಸು ಮಾಡಿದ ಉಡುಗೊರೆ. ಸನ್ಮಾನದಲ್ಲಿ ಬಂದ ಶಾಲನ್ನು ಮುಂದಿನ ಸನ್ಮಾನಕ್ಕೆ ದಾಟಿಸುವುದು ನಮಗೂ ಗೊತ್ತು, ಆದರೆ ಅದನ್ನು ಪುರಾವಸ್ತು ಎನ್ನುವುದಿಲ್ಲ. ಈ ಸರಪಳಿಯನ್ನು ಮರದ ತೊಟ್ಟಿಗಳ ಮೇಲೆ ಹಾಸಿ, ಪಕ್ಕದಲ್ಲಿ ಥರ್ಮಾಮೀಟರುಗಳನ್ನಿಟ್ಟು, ಬಿಸಿಲಿಗೆ ಎಷ್ಟು ಹಿಗ್ಗಿತೆಂದು ಪ್ರತಿ ಸಲವೂ ಲೆಕ್ಕ ಹಾಕಿ ಕಳೆಯುತ್ತಿದ್ದರಂತೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ 100 ಅಡಿ ಉಕ್ಕು ಹಿಗ್ಗುವುದು ಮೂರೂವರೆ ಮಿಲಿಮೀಟರ್. ನನ್ನ ಸೆಕ್ಸ್‌ಟಂಟ್ 504 ಕಿಲೋಮೀಟರನ್ನು ಯಾವ ಗೊಂದಲವೂ ಇಲ್ಲದೆ ನಿಭಾಯಿಸಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮೂರೂವರೆ ಮಿಲಿಮೀಟರಿಗೆ ಇಷ್ಟು ಹೆದರುವವರಿಗೆ ತಮ್ಮ ಉಪಕರಣದ ಮೇಲೆ ವಿಶ್ವಾಸ ಇರಲಿಲ್ಲ ಎಂಬುದು ಸ್ಪಷ್ಟ.

ಎರಡನೆಯದು ಮಹಾ ಥಿಯೋಡೊಲೈಟ್. ಲಂಡನ್‌ನ ವಿಲಿಯಂ ಕ್ಯಾರಿಯ ಕಾರ್ಖಾನೆಯದು, ಮೂರಡಿ ಅಗಲದ ಚಕ್ರ, ಅರ್ಧ ಟನ್ ತೂಕ. ತರುತ್ತಿದ್ದ ಹಡಗನ್ನು ಫ್ರೆಂಚರು ದಾರಿಯಲ್ಲೇ ಹಿಡಿದು ಮಾರಿಷಸ್‌ಗೆ ಒಯ್ದರು, ಆಮೇಲೆ ಇದು ವಿಜ್ಞಾನದ ಸಾಮಾನೆಂದು ಸೌಜನ್ಯದಿಂದ ಕಳಿಸಿಕೊಟ್ಟರು. 1808ರಲ್ಲಿ ತಂಜಾವೂರಿನ ಗುಡಿಯ ಗೋಪುರಕ್ಕೆ ಹಗ್ಗ ಕಟ್ಟಿ ಏರಿಸುವಾಗ ಹಗ್ಗ ಹರಿದು ಗೋಡೆಗೆ ಬಡಿಯಿತು, ಚಕ್ರ ಸೊಟ್ಟಗಾಯಿತು. ಲ್ಯಾಂಬ್ಟನ್ ಡೇರೆಯೊಳಗೆ ಸೇರಿಕೊಂಡು ಆರು ವಾರ ಬಡಿದು ಎಳೆದು ನೇರ ಮಾಡಿದ. ಅದೇ ರಿಪೇರಿ ಯಂತ್ರ ಹೊತ್ತು ಮುಂದೆ ನಮ್ಮ ದಖ್ಖನ್ನನ್ನೆಲ್ಲ ಅಳೆದರು. ಗ್ಯಾರಂಟಿ ಕಾರ್ಡು ಇಲ್ಲ, ಪೆಟ್ಟು ಬಿದ್ದಿದೆ, ಮುಚ್ಚಳದಲ್ಲಿ ಕವಿತೆ ಇಲ್ಲ, ಲಂಗರಿನ ಚಿತ್ರವಿರುವ ಶೀಶಂ ಪೆಟ್ಟಿಗೆ ಇಲ್ಲ. ಇಂಥದನ್ನು ಯಾವ ಷೋಕೇಸಿನಲ್ಲಿಡುತ್ತೀರಿ? ಅರ್ಧ ಟನ್ನು!

ಇವರದ್ದೇ ಇಲಾಖೆಯ ಇನ್ನೊಂದು ಪ್ರಸಂಗ ಇದಕ್ಕಿಂತ ಅನುಮಾನಾಸ್ಪದ. ಲ್ಯಾಂಬ್ಟನ್ ನಂತರ ಬಂದ ಜಾರ್ಜ್ ಎವರೆಸ್ಟ್, ಉಪಕರಣ ದುರಸ್ತಿಗೆಂದೇ ಇಂಗ್ಲೆಂಡಿನಿಂದ ಹೆನ್ರಿ ಬ್ಯಾರೋ ಎಂಬ ಕುಶಲಕರ್ಮಿಯನ್ನು ಕರೆತಂದ. ಬ್ಯಾರೋ ಹೋದ ಮೇಲೆ ಆ ಸ್ಥಾನಕ್ಕೆ ಕೊನೆಗೆ ಬಂದದ್ದು ಆರ್ಕಾಟಿನ ಸೈಯದ್ ಮೀರ್ ಮೊಹಸಿನ್ ಹುಸೇನ್. ದೇಶದ ಅತಿ ಸೂಕ್ಷ್ಮ ಯಂತ್ರಗಳನ್ನು ಬಿಚ್ಚಿ, ತಿದ್ದಿ, ಮತ್ತೆ ಜೋಡಿಸಿದ ಕೈ ಅದು. ಎವರೆಸ್ಟನೇ ಆತನ ಪರವಾಗಿ ಶಿಫಾರಸು ಮಾಡಿದ್ದ. ಆದರೆ ಮೊಹಸಿನ್ ಹುಸೇನ್ ಹೆಸರು ಕೆತ್ತಿದ ಒಂದು ದಿಕ್ಸೂಚಿಯಾದರೂ ಮಾರುಕಟ್ಟೆಯಲ್ಲಿ ಇದೆಯೇ? ಇಲ್ಲ. ಇಷ್ಟರ ಮೇಲೆ ಪುರಾವೆ ಬೇಕಿಲ್ಲ.

ಆ ಮೋಜಣಿಯವರು ತಮ್ಮ ಠಾಣೆಗಳಲ್ಲಿ ಬಿಟ್ಟುಹೋಗುತ್ತಿದ್ದ ಗುರುತು ಕಲ್ಲಿನ ಮೇಲೆ ಕೊರೆದ ಒಂದು ವೃತ್ತ, ನಡುವೆ ಒಂದು ಚುಕ್ಕಿ. ಊರಿಲ್ಲ, ಇಸವಿಯಿಲ್ಲ. ಅಂಥ ಕಲ್ಲು ಎಲ್ಲಾದರೂ ಕಂಡರೆ ತೊಗರಿ ಒಣಗಿಸಲು ಉಪಯೋಗಿಸಬಹುದು.

ಈ ನಿಲುವನ್ನು ಸಡಿಲಿಸುವ ಪ್ರಸಂಗವೊಂದು ಈಚೆಗೆ ಬಂತು. ಕಮಲಾಪುರದ ಕಡೆಯ, ಕೆಂಪು ಬಾಳೆ ಬೆಳೆಯುವ ರೈತರೊಬ್ಬರು ಗೋಣಿಚೀಲದಲ್ಲಿ ತುಕ್ಕು ಹಿಡಿದ ಸರಪಳಿ ತಂದು ನನ್ನ ಮುಂದೆ ಸುರಿದರು. 33 ಅಡಿ, 16 ಆಣೆಯ ಮೋಜಣಿ ಸರಪಳಿ.

“ಸಾಹೇಬ್ರ, ಇದು ನಮ್ಮ ಮುತ್ಯಾನ ಕಾಲದ್ದದ ರೀ. ಇದಕ್ಕ ಏನರ ಬೆಲೆ ಅದ ಏನ್ರಿ?”

ಇಂಥ ಸರಪಳಿಯ ಮೂಲಪುರುಷ ಎಡ್ಮಂಡ್ ಗಂಟರ್, ಲಂಡನ್‌ನ ಗ್ರೆಶಮ್ ಕಾಲೇಜಿನಲ್ಲಿ ಖಗೋಳ ಪಾಠ ಹೇಳುತ್ತಿದ್ದವನು. 1620ರ ಹೊತ್ತಿಗೆ ಆತ ಬಳಕೆಗೆ ತಂದ ಸರಪಳಿ 66 ಅಡಿ. ಅದರ ಅರ್ಧ 33. ಅಷ್ಟು ಉದ್ದ, ಅಷ್ಟೇ ಅಗಲದ ಜಾಗ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಈ ಜಿಲ್ಲೆಯ ಪ್ರತಿಯೊಂದು ಪಹಣಿ, ಪ್ರತಿಯೊಂದು ಬಾಂದಿನ ಜಗಳ, ಅಣ್ಣತಮ್ಮಂದಿರ ನಡುವಿನ ಪ್ರತಿಯೊಂದು ಕೋರ್ಟು ಕಟ್ಲೆಯ ಲೆಕ್ಕ ಇದರೊಳಗೇ ಇದೆ. ಆದರೆ ಭೂತಗನ್ನಡಿ ಹಿಡಿದು ಕೊಂಡಿ ಕೊಂಡಿಯಾಗಿ ಹುಡುಕಿದೆ, ಎಲ್ಲೂ ಏನೂ ಕೆತ್ತಿರಲಿಲ್ಲ.

“ಲಂಡನ್ ಅಂತ ಇಲ್ಲಲ್ರಿ” ಎಂದೆ.

“ಇದರಾಗ ನಮ್ಮ ಹೊಲ ಅಳದಾರ್ರಿ.”

“ಅಳದಿರಬಹುದು. ಬರದಿಲ್ಲಲ್ಲ.”

ಆದರೂ ಮನಸ್ಸು ಕರಗಿತು. ಲಗ್ನದ ಪಾತ್ರೆಗಳ ಮೇಲೆ ಹೆಸರು ಕೊರೆದುಕೊಡುವ ಕಲಬುರಗಿಯ ಭಾಂಡೆ ಅಂಗಡಿಗೆ ಹೋಗಿಬನ್ನಿ ಎಂದು ಕಳಿಸಿದೆ. ಸಂಜೆಗೆ ಮರಳಿ ಬಂದರು. ಅಂಗಡಿಯವ ಅಕ್ಷರಕ್ಕೆ ಇಷ್ಟು ಎಂದು ದರ ಹೇಳಿದನಂತೆ. ಇಂಗ್ಲಿಷಿನಲ್ಲಾದರೆ ಆರು ಅಕ್ಷರ, ಕನ್ನಡದಲ್ಲಾದರೆ ಮೂರು. ರೈತರು ಲೆಕ್ಕದ ಮನುಷ್ಯ, ಕನ್ನಡದಲ್ಲೇ ಹಾಕಿಸಿದ್ದರು. ಹಿಡಿಕೆಯ ಮೇಲೆ ಗುಂಡಗೆ, ‘ಲಂಡನ್’. ಮುಂದೆ ಜಾಗ ಉಳಿದಿದ್ದರಿಂದ ಅಂಗಡಿಯವ ಅಭ್ಯಾಸಬಲದಿಂದ ‘ಇವರಿಂದ ಪ್ರೀತಿಯ ಕಾಣಿಕೆ’ ಎಂದೂ ಸೇರಿಸಿದ್ದ, ಅದಕ್ಕೆ ದುಡ್ಡು ತೆಗೆದುಕೊಂಡಿರಲಿಲ್ಲ.

ಸರಪಳಿ ಅಸಲಿ ಎಂದು ಅಲ್ಲಿಯೇ ಪ್ರಮಾಣಪತ್ರ ಬರೆದುಕೊಟ್ಟೆ. ಹದಿನೇಳನೆಯ ಶತಮಾನದ ಲಂಡನ್ ಕಾರ್ಖಾನೆಗಳಲ್ಲಿ ಕನ್ನಡ ಬಲ್ಲ ಕೆಲಸಗಾರರಿದ್ದರು ಎಂಬುದಕ್ಕೆ ಇದು ಮೊದಲ ಲಿಖಿತ ಆಧಾರ. ವಿವರವಾದ ಪ್ರಬಂಧ ಸಿದ್ಧವಾಗುತ್ತಿದೆ.